ವಕ್ಕಲೇರಿ ಬೆಟ್ಟದ ಕ್ರಿಸ್‌ಮಸ್ ಕಾರ್ಡು

ಡಿಸೆಂಬರ್ ತಿಂಗಳಲ್ಲಿ ಕೋಲಾರದಿಂದ ಮಾಲೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕರೆ ಬಿಡಬೇಡಿ, ಸೋದರಿಯರೇ. ರಾಗಿ ಕೊಯ್ಲಾಗಿರುತ್ತದೆ, ಹೊಲದಲ್ಲಿ ಮೆದೆಗಳು ಎದ್ದಿರುತ್ತವೆ. ಅವರೆ ಹೂವಿನ ಸೊಗಡು ಬಸ್ಸಿನೊಳಗೂ ಬರುತ್ತದೆ. ಕೂಳೆ ಹೊಲದಲ್ಲಿ ಕುರಿಮಂದೆ. ಆಮೇಲೆ ದೊಡ್ಡ ದೊಡ್ಡ ಬಂಡೆಗಳನ್ನು ಯಾರೋ ಒಂದರ ಮೇಲೊಂದು ಇಟ್ಟು ಮರೆತು ಹೋದಂತೆ ಒಂದು ಬೆಟ್ಟ. ಅದೇ ವಕ್ಕಲೇರಿಯ ಮಾರ್ಕಂಡೇಶ್ವರ ಬೆಟ್ಟ.

ಮಾರ್ಕಂಡೇಶ್ವರನಿಗೂ ಕ್ರಿಸ್‌ಮಸ್‌ಗೂ ಏನು ನಂಟು ಅಂತೀರಾ? ಇದೆ, ಹೇಳುತ್ತೇನೆ.

ಅಂಗಡಿಯಲ್ಲಿ ಸಿಗುವ ಕ್ರಿಸ್‌ಮಸ್ ಕಾರ್ಡು ನೋಡಿದ್ದೀರಲ್ಲ? ಹಿಮ, ದೇವದಾರು ಮರ, ಜಾರುಬಂಡಿ. ಮಾರಾಟಕ್ಕೆಂದು ಮೊದಲ ಕಾರ್ಡು ಅಚ್ಚಾದದ್ದು 1843ರಲ್ಲಿ, ಲಂಡನ್ನಿನಲ್ಲಿ. ಹೆನ್ರಿ ಕೋಲ್ ಎಂಬಾತ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಬರೆಸಿ ಒಂದು ಸಾವಿರ ಪ್ರತಿ ಹಾಕಿಸಿದ. ಕಾರ್ಡಿನ ಪದ್ಧತಿ ಅವರದು, ಹಾಗಾಗಿ ಚಳಿಯೂ ಅವರದೇ ಬಂತು. ಆದರೆ ಯೇಸು ಹುಟ್ಟಿದ ಬೆತ್ಲೆಹೇಮ್ ಎಂಥ ಊರು? ಕಲ್ಲುಗುಡ್ಡ, ಒಣ ನೆಲ, ಕುರಿ ಮೇಯಿಸುವವರು. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಆಸುಪಾಸು. ನಮ್ಮ ಕೋಲಾರವೂ ಹೆಚ್ಚುಕಡಿಮೆ ಅಷ್ಟೇ. ಮಗುವನ್ನು ಮಲಗಿಸಿದ್ದು ಗೋದಲಿಯಲ್ಲಿ. ಕನ್ನಡ ಬೈಬಲ್ಲಿನ ಈ ಮಾತು ನಮ್ಮ ಕೊಟ್ಟಿಗೆಯದೇ. ಹಸುವಿಗೆ ಹುಲ್ಲು ಹಾಕುವ ಗೋದಲಿ! ಹೀಗಿರುವಾಗ ಹತ್ತಿ ಅಂಟಿಸಿ ಹಿಮ ಅನ್ನುವುದಕ್ಕಿಂತ ವಕ್ಕಲೇರಿ ಬೆಟ್ಟವನ್ನೇ ಕಾರ್ಡಿನಲ್ಲಿ ನಿಲ್ಲಿಸಿದರೆ ಅದು ಆ ಕಥೆಗೆ ಹೆಚ್ಚು ಹತ್ತಿರ, ಅಲ್ಲವೇ?

ನಿಲ್ಲಿಸುವುದು ಅಂದರೆ ನಿಜವಾಗಿಯೂ ನಿಲ್ಲಿಸುವುದು. ತೆರೆದರೆ ಎದ್ದು ನಿಂತು, ಮುಚ್ಚಿದರೆ ಮಡಿಸಿಕೊಂಡು ಮಲಗುವ ಕಾರ್ಡು. ಕಷ್ಟವೇನಿಲ್ಲ. ದಪ್ಪ ಡ್ರಾಯಿಂಗ್ ಹಾಳೆಯನ್ನು 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಉದ್ದವನ್ನು ಅರ್ಧಕ್ಕೆ ಮಡಿಸಿದರೆ 10 ಸೆಂ.ಮೀ. ಉಳಿಯುತ್ತದೆ, ಮಡಿಕೆಯ ಗೆರೆ 15 ಸೆಂ.ಮೀ. ಇರುತ್ತದೆ. ಮಡಿಸುವ ಮುಂಚೆ ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆಯನ್ನು ಒತ್ತಿ ಎಳೆಯಿರಿ, ಮಡಿಕೆ ನೇರವಾಗಿ ಕೂರುತ್ತದೆ.

ಈಗ ಮಡಿಸಿದ ಹಾಳೆಯ ಮಡಿಕೆಯ ಕಡೆಯಿಂದಲೇ ಕತ್ತರಿ ಹಾಕಬೇಕು. ಎಡತುದಿಯಿಂದ 3 ಮತ್ತು 6 ಸೆಂ.ಮೀ. ದೂರದಲ್ಲಿ, 2 ಸೆಂ.ಮೀ. ಆಳದ ಎರಡು ಸೀಳು. ಮತ್ತೆ 10 ಮತ್ತು 13 ಸೆಂ.ಮೀ. ದೂರದಲ್ಲಿ, 4 ಸೆಂ.ಮೀ. ಆಳದ ಎರಡು ಸೀಳು. ಸೀಳುಗಳ ನಡುವಿನ ಪಟ್ಟಿಯನ್ನು ಆ ಕಡೆ ಈ ಕಡೆ ಮಡಿಸಿ ಪಳಗಿಸಿ. ಆಮೇಲೆ ಹಾಳೆಯನ್ನು ಅರ್ಧ ತೆರೆದು ಪಟ್ಟಿಗಳನ್ನು ಒಳಕ್ಕೆ ತಳ್ಳಿ, ಹಾಗೇ ಮುಚ್ಚಿ ಒತ್ತಿ. ಗೋಡೆಗೆ ಒರಗಿದ ಹಾಗೆ ನೇರ ತೆರೆದಿಟ್ಟರೆ ಒಳಗೆ ಎರಡು ಮೆಟ್ಟಿಲು ಎದ್ದಿರುತ್ತವೆ, ಒಂದು ಗಿಡ್ಡ, ಒಂದು ಎತ್ತರ. ಹಿಂದಿನ ತೂತು ಕಾಣದಂತೆ ಹೊರಗಡೆಗೆ ಬಣ್ಣದ ಹಾಳೆ ಅಂಟಿಸಿ. ಮೆಟ್ಟಿಲಿಗೆ ಮಾತ್ರ ಅಂಟು ತಾಗಬಾರದು. ಮೈದಾ ಅಂಟು ಬೇಡ, ಹಾಳೆ ಸುಕ್ಕಾಗುತ್ತದೆ, ಜಿರಲೆಗೂ ಹಬ್ಬವಾಗುತ್ತದೆ. ಫೆವಿಕಾಲನ್ನು ತೆಳ್ಳಗೆ ಸವರಿದರೆ ಸಾಕು.

ಗಿಡ್ಡ ಮೆಟ್ಟಿಲಿನ ಮುಂಭಾಗಕ್ಕೆ ಬೆಟ್ಟ, ಎತ್ತರದ ಮೆಟ್ಟಿಲಿಗೆ ಗೋದಲಿಯ ಕೊಟ್ಟಿಗೆ. ಇಲ್ಲಿ ಒಂದು ಲೆಕ್ಕ ನೆನಪಿಡಿ. ಮೆಟ್ಟಿಲು ಮುಂದಕ್ಕೆ ಬಂದಿರುವಷ್ಟು ಅಳತೆ, ಅದರ ಮೇಲಿನ ಚಿತ್ರದ ಎತ್ತರ, ಎರಡೂ ಸೇರಿ 10 ಸೆಂ.ಮೀ. ದಾಟಬಾರದು. ದಾಟಿದರೆ ಕಾರ್ಡು ಮುಚ್ಚಿದಾಗ ತುದಿ ಹೊರಗೆ ಇಣುಕುತ್ತದೆ, ಇನ್ನು ಲಕೋಟೆಗೆ ತೂರಿಸುವುದು ಹೇಗೆ? ಬೆಟ್ಟ 7 ಸೆಂ.ಮೀ., ಕೊಟ್ಟಿಗೆ 5 ಸೆಂ.ಮೀ. ಇರಲಿ. ಬೆಟ್ಟದ ಅಗಲ 8 ಸೆಂ.ಮೀ. ಮೀರದಿರಲಿ, ಇಲ್ಲದಿದ್ದರೆ ಪಕ್ಕದ ಮೆಟ್ಟಿಲಿಗೆ ತಗಲುತ್ತದೆ.

ಮಿಕ್ಕದ್ದು ನಿಮ್ಮ ಕೈಚಳಕ. ಕೋಲಾರದ ಕಡೆ ಹುಳ ಸಾಕುವ ಮನೆ ಬಹಳ. ಚಂದ್ರಂಕಿಯಿಂದ ರೇಷ್ಮೆ ಗೂಡು ಬಿಡಿಸುವಾಗ ಬೆರಳಿಗೆ ಅಂಟುವ ಎಳೆಗಳನ್ನು ಎಸೆಯಬೇಡಿ. ದ್ವಿತಳಿ ಗೂಡಿನ ಬಿಳಿ ಎಳೆ ಕುರಿಯ ಉಣ್ಣೆಗೆ, ಮಿಶ್ರತಳಿಯ ಹಳದಿ ಎಳೆ ನಕ್ಷತ್ರದ ಬಾಲಕ್ಕೆ. ನಮ್ಮ ಕುರಿಗಳೆಲ್ಲ ಬೆಳ್ಳಗಿರುವುದಿಲ್ಲ. ಒಂದೆರಡನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಕಂದು ಮಾಡಿ. ನಕ್ಷತ್ರಕ್ಕೆ ಊದುಬತ್ತಿ ಪೊಟ್ಟಣದ ಬಂಗಾರದ ಕಾಗದ ಸಾಕು, ಅದನ್ನು ಹಿಂದಿನ ಪುಟಕ್ಕೇ ಅಂಟಿಸಿ.

ಬೆಟ್ಟದ ಮೇಲಿನ ಗುಡಿಯನ್ನು ಬರೆಯಬೇಕೋ ಬೇಡವೋ? ಕೆಲವರಿಗೆ ಸಂಕೋಚವಾಗಬಹುದು. ಬರೆಯಿರಿ ಎಂದೇ ನಾನು ಹೇಳುತ್ತೇನೆ. ಅದು ಕಳಿಸುವವರ ಊರಿನ ಗುರುತು. ಆದರೆ ಹಬ್ಬ ಅವರದು. ಆದ್ದರಿಂದ ಗೋದಲಿ ಮುಂದೆ, ದೊಡ್ಡದಾಗಿ. ನಮ್ಮ ಗುಡಿ ಹಿಂದೆ, ಸಾಸಿವೆಯಷ್ಟು. ವಕ್ಕಲೇರಿಯ ಹೆಸರು ಇತಿಹಾಸದ ಪುಸ್ತಕ ಸೇರಿರುವುದೂ ಒಂದು ತಾಮ್ರ ಶಾಸನದಿಂದ, ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನದು, ಕ್ರಿ.ಶ. 757ರದು. ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದೂ ಹಾಳುಮಾಡದೆ, ಅಲ್ಲಿನ ರಾಜಸಿಂಹೇಶ್ವರ ದೇವಾಲಯದ ಬಂಗಾರವನ್ನು ದೇವರಿಗೇ ಹಿಂದಿರುಗಿಸಿದ ಎಂದು ಅದರಲ್ಲಿ ಬರೆದಿದೆ. ವೈರಿಯ ಗುಡಿಗೇ ಅಷ್ಟು ಮರ್ಯಾದೆ ಇದ್ದಮೇಲೆ ಗೆಳತಿಯ ಹಬ್ಬಕ್ಕೆ ಒಂದು ಕಾರ್ಡು ದೊಡ್ಡದೇ?

ಯಾರಿಗೆ ಕಳಿಸುವುದು ಅಂತ ಯೋಚಿಸಿ ನೋಡಿ. ನಿಮ್ಮ ಹೆರಿಗೆಯ ರಾತ್ರಿ ತಲೆದೆಸೆಯಲ್ಲಿ ನಿಂತಿದ್ದ ನರ್ಸಮ್ಮ ಇದ್ದಾರು. ಮಗಳಿಗೆ ಅಕ್ಷರ ಕಲಿಸಿದ ಟೀಚರ್ ಇದ್ದಾರು. ದೀಪಾವಳಿಗೆ ನಿಮ್ಮ ಕಜ್ಜಾಯ ತಿಂದವರು, ಕ್ರಿಸ್‌ಮಸ್‌ಗೆ ನಿಮಗೆ ಕೇಕು ಕಳಿಸಿದವರು. ಕೇಕಿನ ಡಬ್ಬಿ ತೊಳೆದು ಹಿಂದಿರುಗಿಸಿದ್ದೇವೆ, ಒಳಗೆ ಏನಾದರೂ ಇಟ್ಟಿದ್ದೇವೆಯೇ?

ಕೆ.ಜಿ.ಎಫ್.ನ ಗೆಳತಿಯರಿದ್ದರಂತೂ ತಪ್ಪಿಸಬೇಡಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳು ಬೆಂಗಳೂರು, ಚೆನ್ನೈ, ಇನ್ನೂ ದೂರಕ್ಕೆ ಚದುರಿದವು. ಅಂಥವರ ಕಾರ್ಡಿನಲ್ಲಿ ವಕ್ಕಲೇರಿ ಬೆಟ್ಟದ ಬದಲು ಅವರ ಸೈನೈಡ್ ದಿಬ್ಬವನ್ನೇ ಕತ್ತರಿಸಿ ನಿಲ್ಲಿಸಿ: ಬೋಳಾಗಿ, ಮೇಲೆ ಚಪ್ಪಟೆಯಾಗಿ, ಮಸುಕು ಬೂದು ಬಣ್ಣದ್ದು. ಪಕ್ಕದಲ್ಲಿ ಗಣಿಬಾವಿಯ ಕಬ್ಬಿಣದ ಗೋಪುರ, ಅದರ ತುದಿಗೆ ನಕ್ಷತ್ರ. ಹಿಮದ ಕಾರ್ಡು ಅವರಿಗೆ ಬೇರೆ ಯಾರಾದರೂ ಕಳಿಸುತ್ತಾರೆ.

ಒಳಗೆ ಬರೆಯುವ ಮಾತು ಎರಡೇ ಸಾಲಿರಲಿ, ನಿಮ್ಮದೇ ಕೈಬರಹದಲ್ಲಿ. ಕುರಿಯ ಉಣ್ಣೆ ದಪ್ಪವಾಗದಂತೆ ಒಂದು ರಾತ್ರಿ ಕಾರ್ಡನ್ನು ಪಂಚಾಂಗ, ನಿಘಂಟುಗಳ ಕೆಳಗೆ ಒತ್ತಿಡಿ. ಕೈಯಲ್ಲಿ ಮಾಡಿದ್ದು ಅಂಗಡಿಯದಕ್ಕಿಂತ ತೂಕ ಇರುತ್ತದೆ, ಅಂಚೆ ಕಚೇರಿಯಲ್ಲಿ ತೂಗಿಸಿಯೇ ಸ್ಟಾಂಪು ಹಚ್ಚಿ. ತೂಕ ತಪ್ಪಿದರೆ ದಂಡ ಕಟ್ಟಬೇಕಾದವರು ಪಡೆದವರು! ಡಿಸೆಂಬರ್ 15ರೊಳಗೆ ಹಾಕಿಬಿಡಿ. ಹತ್ತಿರದವರಾದರೆ ಅಂಚೆ ಯಾಕೆ, ಸೊಗಡಿನ ಅವರೆಕಾಯಿ ಒಂದು ಸೇರು ಚೀಲಕ್ಕೆ ಹಾಕಿಕೊಂಡು ನೀವೇ ಹೋಗಿ ಕೊಟ್ಟು ಬನ್ನಿ.