ಎಂಟೆಳೆಯ ಹುಚ್ಚು

ವೈಫೈ ಇರುವ ಮನೆಯಲ್ಲಿ ಗೋಡೆಗುಂಟ ವೈರು ಎಳೆಯುವವನನ್ನು ಕಂಡರೆ ಜನಕ್ಕೆ ಕನಿಕರ. ಹಳೇ ಡೆಸ್ಕ್‌ಟಾಪಿನ ಪಕ್ಕದ ತಗಡು ಬಿಚ್ಚಿ ಒಳಗೊಂದು ನೆಟ್‌ವರ್ಕ್ ಕಾರ್ಡ್ ಕೂರಿಸುವ ಸುಖ ಉಂಡವನಿಗೆ ಅದೇನೂ ನಾಟುವುದಿಲ್ಲ.

ಕಾರ್ಡ್ ಕೂರಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಪವರ್ ವೈರು ಕಿತ್ತು, ಕ್ಯಾಬಿನೆಟ್ಟಿನ ಬರಿ ಲೋಹ ಒಮ್ಮೆ ಮುಟ್ಟಿ ಮೈಮೇಲಿನ ಸ್ಟ್ಯಾಟಿಕ್ ಕಳೆದುಕೊಂಡು, ಹಿಂಬದಿಯ ಪಟ್ಟಿ ತೆಗೆದು, ಗಿಡ್ಡ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಚಿನ್ನದ ಬಣ್ಣದ ಹಲ್ಲುಗಳನ್ನು ಹೊಂದಿಸಿ, ಎರಡೂ ಹೆಬ್ಬೆರಳಿಂದ ಸಮನಾಗಿ ಒತ್ತಿದರೆ ಆಯಿತು. ಸ್ಲಾಟು ಮೊದಲು ಕೊಂಚ ಬಿಗುಮಾನ ತೋರಿಸುತ್ತದೆ, ಆಮೇಲೆ ಕಾರ್ಡು ಒಮ್ಮೆಲೇ ಇಳಿಯುತ್ತದೆ. ಸ್ಕ್ರೂ ಬಿಗಿಯುವಾಗ ಮಾತ್ರ ಆಯಸ್ಕಾಂತದ ತುದಿಯ ಸ್ಕ್ರೂಡ್ರೈವರ್ ಇರಲಿ. ಮದರ್‌ಬೋರ್ಡಿನ ಸಂದಿಗೆ ಬಿದ್ದ ಸ್ಕ್ರೂ ಹುಡುಕುವ ಪಾಡು ಯಾವ ಶತ್ರುವಿಗೂ ಬೇಡ. ಡ್ರೈವರನ್ನು ಈಗಿನ ವಿಂಡೋಸ್, ಲಿನಕ್ಸ್‌ಗಳು ಬಹುಪಾಲು ತಾವೇ ಹುಡುಕಿಕೊಳ್ಳುತ್ತವೆ.

ನನಗೆ ಹುಚ್ಚು ಹಿಡಿಸಿದ್ದು ಅದರ ಮುಂದಿನ ಕೆಲಸ, ಕೇಬಲ್ಲಿಗೆ ಪ್ಲಗ್ ಕ್ರಿಂಪ್ ಮಾಡುವುದು. ಹೊರಸಿಪ್ಪೆ ಸುಲಿದರೆ ನಾಲ್ಕು ಜೋಡಿ ತಂತಿ, ಒಂದಕ್ಕೊಂದು ಸುತ್ತಿಕೊಂಡು. ಹೀಗೆ ಹೊಸೆಯುವುದಕ್ಕೆ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ, ಟೆಲಿಫೋನಿಗಾಗಿ. ಹೊರಗಿನ ಗದ್ದಲ ಜೋಡಿಯ ಎರಡೂ ಎಳೆಗೆ ಹೆಚ್ಚುಕಡಿಮೆ ಒಂದೇ ಸಮ ತಗಲುತ್ತದೆ. ಆಚೆ ತುದಿಯಲ್ಲಿ ಅವೆರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ವಜಾ ಆಗುತ್ತದೆ. ದಿಟ್ಟಿಸಿ ನೋಡಿ, ನಾಲ್ಕೂ ಜೋಡಿಯ ಹುರಿ ಒಂದೇ ಬಿಗಿಯಲ್ಲ. ಒಂದರ ಮಾತು ಇನ್ನೊಂದಕ್ಕೆ ಕೇಳಿಸದಿರಲಿ ಎಂದು ಹಾಗೆ. ತುದಿಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಬಿಡಿಸಬಾರದು ಅನ್ನುವುದೂ ಅದಕ್ಕೇ.

ಆಮೇಲೆ ಬಣ್ಣಗಳ ಸಾಲು. ಆರೆಂಜ್ ವೈಟ್, ಆರೆಂಜ್, ಗ್ರೀನ್ ವೈಟ್, ಬ್ಲೂ, ಬ್ಲೂ ವೈಟ್, ಗ್ರೀನ್, ಬ್ರೌನ್ ವೈಟ್, ಬ್ರೌನ್. ಮಗ್ಗಿಯಂತೆ ಬಾಯಿಪಾಠ. ಗ್ರೀನ್ ಜೋಡಿ ಮಾತ್ರ ಯಾಕೆ ಮೂರು ಮತ್ತು ಆರನೇ ಜಾಗಕ್ಕೆ ಚದುರಿತು? ನಟ್ಟನಡುವಿನ ಎರಡು ಜಾಗ ಟೆಲಿಫೋನ್ ಲೈನಿನವು, ಬ್ಲೂ ಜೋಡಿ ಅಲ್ಲಿ ಕೂತಿದೆ. ನಮ್ಮ ಮನೆಗಳಿಂದ ಲ್ಯಾಂಡ್‌ಲೈನ್ ಕಾಲ್ತೆಗೆದರೂ ಈ ಸಾಲನ್ನು ಯಾರೂ ಬದಲಿಸಿಲ್ಲ!

ಎಂಟೂ ತುದಿಯನ್ನು ಸಮಕ್ಕೆ ಕತ್ತರಿಸಿ, ಪ್ಲಗ್ಗಿನ ಮುಂಗೋಡೆಗೆ ತಾಗುವವರೆಗೆ ತಳ್ಳಿ, ಬೆಳಕಿಗೆ ಹಿಡಿದು ಎಂಟು ತಾಮ್ರದ ಚುಕ್ಕೆ ಕಂಡ ಮೇಲಷ್ಟೇ ಕ್ರಿಂಪರಿನ ಹಿಡಿ ಅದುಮುತ್ತೇನೆ. ಪ್ಲಗ್ ಕಾರ್ಡಿಗೆ ಟಕ್ಕೆಂದು ಕೂರುತ್ತದೆ, ಲೈಟು ಹತ್ತುತ್ತದೆ. ಲೈಟನ್ನು ನಾನು ನಂಬುವುದಿಲ್ಲ. 100 ಎಂಬಿಪಿಎಸ್‌ಗೆ ಆರೆಂಜ್, ಗ್ರೀನ್ ಜೋಡಿಗಳೇ ಸಾಕು. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು. ಪರದೆಯ ಮೇಲೆ 1000ದ ಬದಲು 100 ಎಂದು ಬಂದರೆ, ಇಂಟರ್ನೆಟ್ಟಿನವರಿಗೆ ಫೋನು ಮಾಡಿ ರೇಗುವ ಮುಂಚೆ, ನನ್ನ ಅನುಮಾನ ಬ್ರೌನ್ ಮೇಲೆ. ಅಂಚಿನಲ್ಲಿರುವುದು ಅದೇ, ಬೆರಳು ಜಾರುವುದೂ ಅಲ್ಲೇ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಪ್ಲಗ್ಗುಗಳನ್ನು ಪ್ಯಾಕೆಟ್ಟುಗಟ್ಟಲೆ ತಂದಿಟ್ಟುಕೊಂಡಿರುವುದು ಇದಕ್ಕೇ. ತುದಿ ಕತ್ತರಿಸಿ ಇನ್ನೊಂದು ಹಾಕಿದರಾಯಿತು, ಕೇಬಲ್ಲು ಎರಡಿಂಚು ಮೋಟಾದೀತು, ಅಷ್ಟೇ.