ತಡಮೆ ದಾಟುವ ಹಕ್ಕು

ನಮ್ಮ ಪುತ್ತೂರು, ಸುಳ್ಯದ ಕಡೆ ಊರೆಂದರೆ ಮನೆಗಳ ಸಾಲಲ್ಲ. ಗುಡ್ಡದ ಬುಡದಲ್ಲಿ ಒಂದು ಮನೆ, ಅದರ ತೋಟ. ತೋಡು ದಾಟಿದರೆ ಇನ್ನೊಂದು ಮನೆ, ಅವರ ತೋಟ. ಹಾಗಾಗಿ ಯಾರ ಮನೆಗೆ ಹೋಗುವುದಾದರೂ ಬೇರೆ ಯಾರದೋ ಅಂಗಳದ ಬದಿಯಲ್ಲಿ, ಕಟ್ಟಪುಣಿಯ ಮೇಲೆ, ಎರಡು ಮೂರು ತಡಮೆ ದಾಟಿಯೇ ಹೋಗಬೇಕು. ಈಗ ಆ ತಡಮೆಗಳಿದ್ದಲ್ಲಿ ಕಬ್ಬಿಣದ ಗೇಟುಗಳಿವೆ. ಗೇಟಿಗೊಂದು ಬೀಗ, ಬೀಗಕ್ಕೊಂದು ದಾವೆ.

ಹಿಂದಿನವರು ಭೂಮಿ ಕೊಡುವಾಗ ಅಷ್ಟಭೋಗಗಳ ಸಹಿತ ಕೊಡುತ್ತಿದ್ದರು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಮಣ್ಣಿನಡಿ ಇದ್ದರೂ ಇರಬಹುದಾದ ಹೊನ್ನಿನ ಕೊಪ್ಪರಿಗೆಗೂ ಅದರಲ್ಲಿ ಜಾಗವಿದೆ. ಅಲ್ಲಿಗೆ ತಲುಪುವ ದಾರಿ ಮಾತ್ರ ಎಂಟರಲ್ಲಿ ಒಂದಾಗಲಿಲ್ಲ. ಅದನ್ನೂ ಬರೆದಿಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲವೋ ಏನೋ.

ಬರೆದವರು ಬ್ರಿಟಿಷರು. 1882ರ ಈಸ್‌ಮೆಂಟ್ ಕಾಯ್ದೆ ಆ ವರ್ಷದ ಜುಲೈ 1ರಿಂದ ಮದ್ರಾಸು ಪ್ರಾಂತ್ಯಕ್ಕೂ ಕೊಡಗಿಗೂ ಜಾರಿಯಾಯಿತು. ನಮ್ಮ ಜಿಲ್ಲೆ ಆಗ ಮದ್ರಾಸಿನದು. ಅದರ 15ನೇ ಸೆಕ್ಷನ್ ಪ್ರಕಾರ ಒಬ್ಬರ ಜಾಗದಲ್ಲಿ 20 ವರ್ಷ ಬಹಿರಂಗವಾಗಿ, ಜಗಳವಿಲ್ಲದೆ, ತಡೆಯಿಲ್ಲದೆ ನಡೆದರೆ ಆ ದಾರಿ ನಮ್ಮ ಹಕ್ಕಾಗುತ್ತದೆ. ಸರಕಾರಿ ಜಾಗವಾದರೆ 30 ವರ್ಷ. ಆದರೆ ನಡೆದದ್ದು ಹಕ್ಕೆಂದೇ ನಡೆದಿರಬೇಕು. ಒಡೆಯರ ಅಪ್ಪಣೆ ಪಡೆದು ನಡೆದಿದ್ದರೆ ನೂರು ವರ್ಷವಾದರೂ ಅದು ಬರಿಯ ಅನುಮತಿ.

ಈ ಮಾತಿನ ಬೆಲೆ ನನಗೆ ತಿಳಿದದ್ದು ಮಾವನೊಬ್ಬರ ಕೇಸಿನಲ್ಲಿ. ಎದುರು ಪಾರ್ಟಿ ಅವರದೇ ದಾಯಾದಿ. ಮಾವನ ಪರ ಸಾಕ್ಷಿಗೆ ಬಂದವರು ಆ ಮನೆಯ ಅಡಿಕೆ ಮೂಟೆ ಹೊತ್ತೇ ಮುದುಕರಾದವರು. ದಾರಿ ಎಷ್ಟು ಹಳೆಯದು, ಎಲ್ಲಿ ತಿರುಗುತ್ತದೆ, ಎಲ್ಲಿ ಹಲಸಿನ ಮರವಿತ್ತು, ಎಲ್ಲವನ್ನೂ ಚೆಂದವಾಗಿ ಹೇಳಿದರು. ಪಾಟೀಸವಾಲಿಗೆ ಎದ್ದ ಎದುರು ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು: "ಅಜ್ಜ, ಅವರ ಅಂಗಳದಲ್ಲಿ ಹಾಗೇ ನುಗ್ಗಿ ಹೋಗ್ತಿದ್ರಾ, ಅಲ್ಲ ಕೇಳಿ ಹೋಗ್ತಿದ್ರಾ?"

ಅಜ್ಜನಿಗೆ ಅವಮಾನವಾಯಿತು. "ಛೆ, ಕೇಳದೆ ಹೋಗುವುದುಂಟಾ ಸ್ವಾಮಿ? ಕೇಳಿಯೇ ಹೋಗುವುದು. ಅವರೂ ಬೇಡ ಹೇಳಿದವರಲ್ಲ."

ನಮ್ಮ ವಕೀಲರು ಫೈಲು ಮುಚ್ಚಿ ಕಿಟಕಿಯ ಕಡೆ ನೋಡಿದರು. ಅಜ್ಜ ಕಟಕಟೆ ಇಳಿದು ಬಂದು, ತಾನು ಸರಿಯಾಗಿ ಹೇಳಿದೆನಲ್ಲ ಎಂದು ನನ್ನನ್ನು ಕೇಳಿದರು. ಹೌದೆಂದೆ. ಮತ್ತೇನು ಹೇಳಲಿ? ನುಗ್ಗಿ ನಡೆದವನಿಗೆ ಹಕ್ಕು, ಕೇಳಿ ನಡೆದವನಿಗೆ ಇಲ್ಲ. ದಾರಿ ಬಿಟ್ಟವರ ಪಾಡೂ ಇಂಥದೇ. ಸುಮ್ಮನಿದ್ದು ದಾಕ್ಷಿಣ್ಯ ತೋರಿಸಿದರೆ 20 ವರ್ಷದ ಮೇಲೆ ಆ ಮೌನವೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ. ಅದಕ್ಕೇ ಕೆಲವರು ವರ್ಷಕ್ಕೊಂದು ದಿನ ಗೇಟಿಗೆ ಬೀಗ ಹಾಕಿ ಹಕ್ಕು ಮುರಿಯಿತೆಂದು ನೆಮ್ಮದಿಯಾಗಿರುತ್ತಾರೆ. ಕಾಯ್ದೆ ಅದಕ್ಕೆ ಜಗ್ಗುವುದಿಲ್ಲ. ತಡೆದದ್ದು ಗೊತ್ತಾದ ಮೇಲೂ ನಡೆಯುವವನು ಒಂದು ವರ್ಷ ಸಹಿಸಿಕೊಂಡರೆ ಮಾತ್ರ ಅದು ತಡೆ.

ಹಿಂದೆ ಇಷ್ಟೊಂದು ಕೇಸು ಇರಲಿಲ್ಲ ಎನ್ನುತ್ತಾರೆ. ಹಿಂದೆ ಇಷ್ಟೊಂದು ಒಡೆಯರೂ ಇರಲಿಲ್ಲವಲ್ಲ. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು, ಆಗಲೇಬೇಕಿತ್ತು. ಒಬ್ಬ ಧಣಿಯ ಜಾಗದೊಳಗೇ ಇದ್ದ ದಾರಿಗಳು ಹಲವರ ಜಾಗಗಳನ್ನು ಹಾಯುವಂತಾದವು. ಉಳಿದದ್ದನ್ನು ಪಾಲುಪಟ್ಟಿಗಳು ಮಾಡಿದವು. ಆದರೂ ಕಾಲುದಾರಿಗೆ ಜಗಳವಾಡುವವರು ಕಡಿಮೆ. ಜಗಳ ಪಿಕಪ್ಪಿನದು. ಮೂಟೆ ಹೊರುವವರಿಲ್ಲ, ಮೆಟ್ಟುಗಲ್ಲಿನವರೆಗೆ ಗಾಡಿ ಬರಬೇಕು. ಹೆಣ್ಣು ಕೊಡುವವರ ಮೊದಲ ಪ್ರಶ್ನೆಯೂ ಮನೆವರೆಗೆ ಕಾರು ಹೋಗ್ತದಾ ಎಂದೇ. ಕಾಯ್ದೆಯ 28ನೇ ಸೆಕ್ಷನ್ ಮಾತ್ರ ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆ ಸೇರುವುದಿಲ್ಲ ಎನ್ನುತ್ತದೆ. ಕಾಲಿಗೆ ಸಿಕ್ಕ ಹಕ್ಕು ಚಕ್ರಕ್ಕಿಲ್ಲ.

ಮಾವನಿಗೆ ಇನ್ನೊಂದು ಆಸರೆಯಿತ್ತು. ಎರಡೂ ಜಾಗ ಅಜ್ಜಂದಿರ ಕಾಲದಲ್ಲಿ ಒಂದೇ ಆಗಿದ್ದು ಪಾಲಾದದ್ದು. ಬೇರೆ ದಾರಿಯೇ ಇಲ್ಲದಿದ್ದರೆ 13ನೇ ಸೆಕ್ಷನ್ ಕೈಹಿಡಿಯುತ್ತದೆ. ಗುಡ್ಡೆ ಹತ್ತಿ ಇಳಿದರೆ ಇನ್ನೊಂದು ದಾರಿ ಉಂಟೆಂದು ಎದುರಿನವರ ವಾದ. ನೋಡಲು ಕೋರ್ಟು ಕಮಿಷನರನ್ನು ಕಳಿಸಿತು. ಯುವ ವಕೀಲರು, ಟೇಪು ಹಿಡಿದು ಗುಡ್ಡೆ ಹತ್ತಿ ಬೆವರಿಳಿಸಿದರು. ಎರಡೂ ಮನೆಯಿಂದ ಬಂದ ಚಹಾ ನಿರಾಕರಿಸಿ ತಾವು ತಂದ ನೀರನ್ನೇ ಕುಡಿದರು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಗಡಿಯ ತಕರಾರಿಗೆ ನೆರೆಯವರನ್ನು, ವೃದ್ಧರನ್ನು, ದನಗಾಹಿಗಳನ್ನು, ಕಾಡು ಸುತ್ತುವವರನ್ನು ಕರೆಯಬೇಕೆಂದಿದೆ. ಅದಕ್ಕೆ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆ ಬರೆದ ವಿಜ್ಞಾನೇಶ್ವರ ನಮ್ಮ ಅಜ್ಜನ ಸಾಕ್ಷ್ಯವನ್ನು ಹೇಗೆ ತೂಗುತ್ತಿದ್ದನೋ ಎಂದು ಅಂದು ಸುಮ್ಮನೆ ಯೋಚಿಸಿದ್ದೆ.

ಕಮಿಷನರ ವರದಿ ಇಬ್ಬರಿಗೂ ಅರ್ಧರ್ಧ ಹೆದರಿಕೆ ಹುಟ್ಟಿಸಿತು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟು ಶುಲ್ಕ ವಾಪಸು, ಮೇಲೆ ಅಪೀಲಿನ ಭಯವೂ ಇಲ್ಲ. ವಾಹನ ಸಹಿತ ಹತ್ತು ಅಡಿ ಅಗಲದ ದಾರಿ, ಅದಕ್ಕೆ ಮಾವನಿಂದ ಹಣ, ಮುರ ಹಾಕಿಸುವ ಖರ್ಚೂ ಮಾವನದೇ ಎಂದು ಒಪ್ಪಿಗೆಯಾಯಿತು. ನಕ್ಷೆಗೆ ಕೆಂಪು ಶಾಯಿ ಬಿತ್ತು. ತಿರುವಿನಲ್ಲಿ ಮೂರು ಅಡಿಕೆ ಮರ ಹೋಗುತ್ತವೆಂದು ಆಗ ಗೊತ್ತಾಯಿತು. ಮರಗಳ ಬೆಲೆಯನ್ನೂ ಮಾವ ಕೊಟ್ಟರು.

"ಅಣ್ಣ, ಗೊನೆ ಉಂಟು. ಮೂರನೇ ಕೊಯ್ಲು ಕಳಿಯಲಿ" ಎಂದರು ದಾಯಾದಿ.

ಆಗಲಿ ಎಂದರು ಮಾವ. ಆ ವರ್ಷದ ಅಡಿಕೆಯೂ ತಲೆಹೊರೆಯಲ್ಲೇ ಹೋಯಿತು.