ಕಾಳಿ ಕಡಲನ್ನು ಸೇರುವಲ್ಲಿ



ವಿಶ್ರಾಂತಿಯೆಂದರೆ ಸೋಮಾರಿತನವೆಂದು ಭಾವಿಸುವವರು ನಮ್ಮಲ್ಲಿ ಬಹಳ. ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯವನ್ನು ಒಮ್ಮೆ ನೆನಪಿಸಿಕೊಳ್ಳಿ. ಸೇವೆ ಮುಗಿಸಿ ಮರಳಿದ ಪ್ರೇಷಿತರಿಗೆ ಊಟ ಮಾಡಲೂ ಬಿಡುವಿರಲಿಲ್ಲ. ಯೇಸುಸ್ವಾಮಿ ಅವರನ್ನು ನಿರ್ಜನ ಸ್ಥಳಕ್ಕೆ ವಿಶ್ರಮಿಸಲು ಕರೆದರು. ದಡ ಮುಟ್ಟುವಷ್ಟರಲ್ಲಿ ಜನ ಅಲ್ಲಿಯೂ ಕಾದು ನಿಂತಿದ್ದರು. ಹಾಗಾದರೆ ಆ ಶಿಷ್ಯರಿಗೆ ವಿಶ್ರಾಂತಿ ದೊರೆತದ್ದಾದರೂ ಎಲ್ಲಿ? ದೋಣಿಯಲ್ಲಿ ಮಾತ್ರ!

ಅಂಥದೊಂದು ದೋಣಿಯ ದಿನ ಕಳೆದ ಡಿಸೆಂಬರಿನಲ್ಲಿ ನಮಗೂ ಒದಗಿತು. ಗುರುಮಠದಲ್ಲಿ ಜೊತೆಗೆ ಓದಿದ ನಾವು ಮೂವರು ಗುರುಗಳು. ನಮ್ಮೊಡನೆ ನಿವೃತ್ತ ಶಾಲಾ ಮಾಸ್ತರರೊಬ್ಬರು. ಪತ್ನಿಯನ್ನು ಕಳೆದುಕೊಂಡು ಎಂಟು ತಿಂಗಳಾಗಿದ್ದ ಅವರು ಮನೆಯಿಂದ ಹೊರಬರುವುದನ್ನೇ ಕಡಿಮೆ ಮಾಡಿದ್ದರು. ಒತ್ತಾಯಿಸಿ ಕರೆತಂದಿದ್ದೆವು.

ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ದೋಣಿಯವನು ಮೊದಲು ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದ. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹಲವರು ಜೀವ ಕಳೆದುಕೊಂಡ ಕಡಲಿದು; ಅವನ ಕಟ್ಟುನಿಟ್ಟಿಗೆ ನಾವು ಮರುಮಾತಾಡಲಿಲ್ಲ.

ಬೆಳಗಿನ ಹೊತ್ತು ನದಿಯಲ್ಲೇ ಕಳೆಯಿತು. ಇಳಿತದ ಸಮಯವಾದ್ದರಿಂದ ದಡದ ಕಾಂಡ್ಲಾ ಗಿಡಗಳ ಬೇರುಗಳು ಕೆಸರಿನ ಮೇಲೆ ಬರಿದಾಗಿ ಕಾಣುತ್ತಿದ್ದವು. ಉಪ್ಪುನೀರನ್ನೇ ಕುಡಿದು ಬಾಳುವ ಈ ಗಿಡಗಳು ದಡದ ಮಣ್ಣನ್ನು ಹಿಡಿದಿಡುತ್ತವೆ. ಮೀನು, ಸಿಗಡಿಗಳ ಮರಿಗಳಿಗೆ ತೊಟ್ಟಿಲಾಗುತ್ತವೆ. ಒಂದೇ ಒಂದು ದೊಡ್ಡ ಕೊಂಡಿಯನ್ನು ಎತ್ತಿ ಆಡಿಸುವ ಗಂಡು ಏಡಿಗಳು, ಕದಲದೆ ನಿಂತ ಬೆಳ್ಳಕ್ಕಿಗಳು, ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದ ನೀರುಕಾಗೆಗಳು, ಮೇಲೆ ಸುತ್ತುವ ಗರುಡ. ಯಾರಿಗೂ ಅವಸರವಿರಲಿಲ್ಲ.

1880ರ ದಶಕದ ಆರಂಭದಲ್ಲಿ ಯುವಕ ರವೀಂದ್ರನಾಥ ಠಾಕೂರರು ಇದೇ ಕಾಳಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ವಿಹರಿಸಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರು. ಇಲ್ಲಿದ್ದಾಗಲೇ ಬರೆದ ‘ಪ್ರಕೃತಿರ್ ಪ್ರತಿಶೋಧ್’ ನಾಟಕದಲ್ಲಿ, ಎಲ್ಲ ಬಂಧಗಳನ್ನೂ ಕಡಿದುಕೊಂಡೆನೆಂದು ಬೀಗುವ ಸಂನ್ಯಾಸಿಯನ್ನು ಅನಾಥ ಬಾಲೆಯೊಬ್ಬಳ ಪ್ರೀತಿ ಲೋಕಕ್ಕೆ ಮರಳಿಸುತ್ತದೆ. ಈ ಕಥೆಯನ್ನು ಹೇಳಿದಾಗ ನಮ್ಮಲ್ಲೊಬ್ಬರು, “ಇದನ್ನು ಗುರುಮಠದಲ್ಲೇ ಓದಿಸಬೇಕಿತ್ತು” ಎಂದು ನಕ್ಕರು. ಮಾಸ್ತರರು ನಗಲಿಲ್ಲ.

ನದೀಮುಖ ದಾಟಿ ಕಡಲಿಗೆ ಬಂದ ಮೇಲೆ ದೋಣಿಯವನು ಎಂಜಿನ್ ನಿಲ್ಲಿಸಿದ. “ಬೆನ್ನಟ್ಟಬಾರದು ಫಾದರ್. ಸುಮ್ಮನೆ ಕಾದರೆ ಅವಾಗಿಯೇ ಬರುತ್ತವೆ” ಎಂದ. ಬಹಳ ಹೊತ್ತು ಏನೂ ಕಾಣಲಿಲ್ಲ. ಅನಂತರ ಪಕ್ಕದಲ್ಲಿ ಯಾರೋ ನಿಟ್ಟುಸಿರಿಟ್ಟಂತಹ ಸದ್ದು. ಬೂದು ಬಣ್ಣದ ಗೂನುಬೆನ್ನೊಂದು ನೀರಿನಿಂದ ಮೇಲೆದ್ದು ಬಾಗಿ ಮರೆಯಾಯಿತು. ಅದರ ಪಕ್ಕಕ್ಕೆ ಅಂಟಿಕೊಂಡಂತೆ ಚಿಕ್ಕದೊಂದು ಬೆನ್ನು. ತಾಯಿ ಮತ್ತು ಮರಿ!

ಇವು ಗೂನುಬೆನ್ನಿನ ಡಾಲ್ಫಿನ್‌ಗಳು. ದಡಕ್ಕೆ ಸಮೀಪದ ಆಳವಿಲ್ಲದ ನೀರು, ನದೀಮುಖಗಳೇ ಇವುಗಳ ನೆಲೆ. ಆದ್ದರಿಂದಲೇ ಮೀನುಬಲೆ, ದೋಣಿಗಳ ದಟ್ಟಣೆ, ನಾವು ಎಸೆಯುವ ಕೊಳೆ ಇವುಗಳಿಗೆ ಕಂಟಕ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿ ಇವೂ ಸೇರಿವೆ. ಡಾಲ್ಫಿನ್ ಮೀನಲ್ಲ, ಮರಿಗೆ ಹಾಲೂಡುತ್ತದೆ, ಉಸಿರಿಗಾಗಿ ಮತ್ತೆ ಮತ್ತೆ ಮೇಲೆ ಬರಲೇಬೇಕು. ಬಳಲಿದ ಸಂಗಾತಿಗೆ ಮೇಲೇರಲು ಆಗದಿದ್ದಾಗ ಉಳಿದವು ಕೆಳಗಿನಿಂದ ಎತ್ತಿಹಿಡಿದು ಉಸಿರಾಡಲು ನೆರವಾಗುವುದನ್ನು ತಜ್ಞರು ದಾಖಲಿಸಿದ್ದಾರೆ.

ಆಗ ಮಾಸ್ತರರು ಮೆಲ್ಲನೆ ಬಾಯಿ ತೆರೆದರು: “ಅವಳಿಗೆ ಇದನ್ನು ನೋಡುವ ಆಸೆಯಿತ್ತು. ಹನ್ನೊಂದು ವರ್ಷ ಕೇಳಿದಳು. ಪರೀಕ್ಷೆ, ಮೌಲ್ಯಮಾಪನ, ಮಗಳ ಮದುವೆ... ಮುಂದಿನ ರಜೆಗೆ ಹೋಗೋಣ ಎನ್ನುತ್ತಲೇ ಬಂದೆ.”

ಸಾಂತ್ವನದ ಮಾತುಗಳನ್ನು ನುಡಿಯುವುದು ಮೂವತ್ತು ವರ್ಷಗಳಿಂದ ನನ್ನ ಕಾಯಕ. ಅಂದು ಒಂದೂ ಬೇಕೆನಿಸಲಿಲ್ಲ. ನಾವು ಅವರ ಪಕ್ಕದಲ್ಲಿ ಕುಳಿತೆವು, ಅಷ್ಟೆ. ಅವರು ಅತ್ತರು, ಎಂಟು ತಿಂಗಳಲ್ಲಿ ಅದೇ ಮೊದಲಂತೆ. ದೋಣಿಯವನು ಎಂಜಿನ್ ಮುಟ್ಟಲಿಲ್ಲ. ಬಹಳ ಹೊತ್ತಿನ ಬಳಿಕ ಮಾಸ್ತರರೇ ಕಣ್ಣೊರೆಸಿಕೊಂಡು, ಬುತ್ತಿಯಲ್ಲಿ ಏನಿದೆ ಎಂದು ಕೇಳಿದರು.

ಸೃಷ್ಟಿಯನ್ನು ನಮ್ಮೆಲ್ಲರ ಮನೆಯೆಂದು ಕರೆದು ವಿಶ್ವಗುರು ಫ್ರಾನ್ಸಿಸ್‌ರವರು 2015ರಲ್ಲಿ ‘ಲೌದಾತೊ ಸಿ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಆ ಮನೆಯನ್ನು ಕಾಪಾಡುವ ಬಗ್ಗೆ ನಾವು ಪ್ರಬೋಧನೆ ಮಾಡುತ್ತೇವೆ, ಕೇಳುತ್ತೇವೆ. ಆದರೆ ಅದರಲ್ಲಿ ಒಂದು ದಿನವಾದರೂ ಸುಮ್ಮನೆ ಕುಳಿತು ಸುತ್ತ ನೋಡದವನಿಗೆ ಅದರ ಮೇಲೆ ಪ್ರೀತಿ ಹೇಗೆ ಹುಟ್ಟೀತು? ಮನೆಯವರ ಮುಖವನ್ನೇ ನಿಧಾನವಾಗಿ ನೋಡಲು ಬಿಡುವಿಲ್ಲದವನಿಗೆ ಅವರ ನೋವು ಹೇಗೆ ತಿಳಿದೀತು?

ಬಂಧುಗಳೇ, ನಿಮ್ಮೂರಿಗೆ ಕಡಲು ಇಲ್ಲದಿರಬಹುದು; ಕೆರೆಯಿರುತ್ತದೆ, ಗುಡ್ಡವಿರುತ್ತದೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ, ಮೊಬೈಲನ್ನು ಮನೆಯಲ್ಲೇ ಬಿಟ್ಟು, ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ. ಒಂಟಿಯಾಗಿರುವ ನೆರೆಯವರೊಬ್ಬರನ್ನೂ ಜೊತೆಗೆ ಕರೆಯಿರಿ. ನಿಮ್ಮ ಮನೆಯಲ್ಲಿ ಯಾರಾದರೂ ಬಹುಕಾಲದಿಂದ ಸಣ್ಣದೊಂದು ಆಸೆಯನ್ನು ಹೇಳುತ್ತಿದ್ದರೆ, ಅದನ್ನು ಮುಂದಿನ ರಜೆಯವರೆಗೆ ಕಾಯಿಸಬೇಡಿ.